ಬೀಡಿ ಪುಸ್ತಕದ ಲೆಕ್ಕ ಹೊಸ ಕಾನೂನಿನಲ್ಲೂ ಉಳಿಯಲಿ: ಮನವಿ ಪತ್ರ

ಇವರಿಗೆ,
ಮಾನ್ಯ ಕಾರ್ಯದರ್ಶಿಯವರು,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ,
ಬೆಂಗಳೂರು

ವಿಷಯ: ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಕೆಲಸಗಾರರಿಗೆ 1966ರ ಕಾಯ್ದೆಯಡಿ ದೊರಕಿದ್ದ ಹಕ್ಕುಗಳನ್ನು ಕಾರ್ಮಿಕ ಸಂಹಿತೆಗಳ ರಾಜ್ಯ ನಿಯಮಗಳಲ್ಲಿ ಉಳಿಸಿಕೊಡುವ ಬಗ್ಗೆ.

ಮಾನ್ಯರೇ,

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮನೆಯ ಜಗಲಿಯ ಮೇಲೆ ಕೂತು ಬೀಡಿ ಕಟ್ಟುವ ನಾವು ನಮ್ಮ ಸಂಘದ ಮೂಲಕ ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳೊಳಗೆ ಸೇರಿಹೋದ 29 ಕಾನೂನುಗಳಲ್ಲಿ 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆಯೂ ಒಂದು. ಕಡತದಲ್ಲಿ ಅದಕ್ಕಿರುವ ಜಾಗ ಒಂದು ಸಾಲು. ಆದರೆ ಆ 29ರಲ್ಲಿ ನಮ್ಮನ್ನು ಹೆಸರು ಹಿಡಿದು ಕರೆದ ಕಾನೂನು ಅದೊಂದೇ ಆಗಿತ್ತು.

ಬೇಡಿಕೆಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಡಿ, ಸಾಹೇಬರಿಗೆ ಓದಲು ಪುರುಸೊತ್ತಿರುವುದಿಲ್ಲ ಎಂದು ಬುದ್ಧಿ ಹೇಳಿದವರಿದ್ದಾರೆ. ಆದರೂ ಸ್ವಲ್ಪ ಹಿಂದಿನಿಂದಲೇ ಶುರು ಮಾಡುತ್ತೇವೆ. ಒಂದು ಸೌಲಭ್ಯ ಎಲ್ಲಿಂದ ಬಂತು ಎಂಬುದು ಮರೆತುಹೋದರೆ ಅದನ್ನು ಕೈಬಿಡುವುದು ಬಹಳ ಸಲೀಸು.

ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲ. 1918ರಲ್ಲಿ ಮದರಾಸಿನ ಗಿರಣಿ ಕೆಲಸಗಾರರನ್ನು ಸೇರಿಸಿ ಬಿ.ಪಿ. ವಾಡಿಯಾ ಅವರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬಕಿಂಗ್‌ಹ್ಯಾಂ ಗಿರಣಿಯ ಮಾಲೀಕರು ಹೈಕೋರ್ಟಿಗೆ ಹೋಗಿ ಅವರ ಮೇಲೆ ತಡೆಯಾಜ್ಞೆ ತಂದರು, ನಷ್ಟ ಪರಿಹಾರವನ್ನೂ ಹೇರಿಸಿದರು. ಕೂಲಿ ಕೇಳಲು ನಾಲ್ಕು ಜನ ಒಟ್ಟಾಗುವುದೇ ಒಳಸಂಚು ಅನ್ನಿಸಿಕೊಳ್ಳಬಹುದಾಗಿದ್ದ ದಿನಗಳವು. ಕಾರ್ಮಿಕ ಮುಖಂಡ ಎನ್.ಎಂ. ಜೋಶಿಯವರು ಇದನ್ನು ಕೇಂದ್ರ ಶಾಸನಸಭೆಯಲ್ಲಿ ಎತ್ತಿದ ಮೇಲೆ, ಐದು ವರ್ಷ ಕಳೆದು, 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ನಾವು ಇಂದು ಸಂಘದ ಮೊಹರು ಒತ್ತಿ ತಮಗೆ ಪತ್ರ ಬರೆಯಲು ಸಾಧ್ಯವಾಗಿದ್ದರೆ ಅದು ಆ ಗಿರಣಿಯವರ ಋಣ.

ಆದರೆ ಗಿರಣಿಗೆ ಗೇಟು ಇರುತ್ತದೆ, ಸೈರನ್ ಇರುತ್ತದೆ, ಹಾಜರಿ ಪುಸ್ತಕ ಇರುತ್ತದೆ. ಬೀಡಿಗೆ ಇರುವುದು ಮಡಿಲ ಮೇಲಿನ ತಡ್ಪೆ ಎಂಬ ಮೊರ, ಒಂದು ಕತ್ತರಿ, ನೂಲಿನ ಉಂಡೆ. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲಿ ಬೀಡಿ ಕೆಲಸ ಮೊದಲಿನಿಂದಲೂ ಇತ್ತು. ಆದರೂ ಮಾಲೀಕರ ವಾದ ಒಂದೇ: ಇವರು ನಮ್ಮ ಕೆಲಸದವರಲ್ಲ, ಕಂಟ್ರಾಕ್ಟುದಾರ ಎಲೆ ತಂಬಾಕು ಕೊಡುತ್ತಾನೆ, ಬೇಕಾದವರು ಬಿಡುವಿನಲ್ಲಿ ಕಟ್ಟಿಕೊಡುತ್ತಾರೆ. ಆ ‘ಬಿಡುವು’ ಎಂಬ ಮಾತಿಗೆ ನಮ್ಮ ಅಮ್ಮಂದಿರು ಎಷ್ಟು ನಕ್ಕಿದ್ದರೋ! ಕೋಳಿ ಕೂಗುವ ಮೊದಲು ಎದ್ದು ಎಲೆ ಕತ್ತರಿಸಿಟ್ಟು, ಗದ್ದೆಗೆ ಹೋಗಿ ಬಂದು, ರಾತ್ರಿ ಚಿಮಣಿ ದೀಪದಲ್ಲಿ ಕಟ್ಟಿ ಮುಗಿಸುವುದಕ್ಕೆ ಬಿಡುವು ಎಂದು ಹೆಸರು.

ಕಣ್ಣೂರಿನಿಂದ ಮಂಗಳೂರಿನವರೆಗೆ ಬೀಡಿ ಯೂನಿಯನ್‌ಗಳು ವರ್ಷಗಟ್ಟಲೆ ಹೋರಾಡಿದ್ದು ಈ ಒಂದು ಮಾತಿನ ವಿರುದ್ಧ. 1966ರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕೆಲಸಗಾರರೆಂದು ಒಪ್ಪಿತು, ಕಂಟ್ರಾಕ್ಟುದಾರನ ಬೆನ್ನ ಹಿಂದಿರುವ ಮೂಲ ಮಾಲೀಕನನ್ನು ಹೊಣೆಗಾರನನ್ನಾಗಿ ಮಾಡಿತು. ಕೇರಳದಲ್ಲಿ ಅದು ಜಾರಿಯಾಗುತ್ತಿದ್ದಂತೆ, 1968ರಲ್ಲಿ, ಮಂಗಳೂರಿನ ಬೀಡಿ ಉದ್ಯಮಿಗಳು ಕಣ್ಣೂರಿನ ಕೆಲಸವನ್ನೇ ನಿಲ್ಲಿಸಿದರು. ಸುಮಾರು 12,000 ಜನ ಬೀದಿಗೆ ಬಿದ್ದರು. ಅಲ್ಲಿಯವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿಕೊಂಡು ಬದುಕಿದರು. ಗಡಿಯ ಈಚೆ ಅಂಥ ಸಹಕಾರ ಸಂಘ ಬೆಳೆಯಲಿಲ್ಲ. ನಾವು ಕಾನೂನನ್ನೇ ನೆಚ್ಚಿಕೊಂಡೆವು. ಆ ಕಾಯ್ದೆಯನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು.

ಅಲ್ಲಿಗೂ ಮುಗಿಯಲಿಲ್ಲ. 1977ರಲ್ಲಿ ಬೀಡಿ ಉದ್ಯಮವನ್ನು ಭವಿಷ್ಯ ನಿಧಿಯ ವ್ಯಾಪ್ತಿಗೆ ತಂದಾಗ, ಮನೆಯಲ್ಲಿ ಕಟ್ಟುವವರಿಗೆ ಪಿಎಫ್ ಎಲ್ಲಿಂದ ಬಂತು ಎಂದು ಮಾಲೀಕರು ಮತ್ತೆ ಕೋರ್ಟು ಹತ್ತಿದರು. ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಪ್ರಕರಣದಲ್ಲಿ 1985ರಲ್ಲಿ ಬಂದ ತೀರ್ಪನ್ನು ತಾವು ಒಮ್ಮೆ ತರಿಸಿ ನೋಡಬೇಕು. ಮಾಲೀಕನ ಮೇಲ್ವಿಚಾರಣೆ ಮನೆಯೊಳಗೆ ಎಲ್ಲಿದೆ ಎಂಬ ಪ್ರಶ್ನೆಗೆ ನ್ಯಾಯಾಲಯ ಕಂಡುಕೊಂಡ ಉತ್ತರ ಹೀಗಿದೆ: ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತಳ್ಳಿಹಾಕುವ ಅಧಿಕಾರ ಮಾಲೀಕನಿಗಿದೆಯಲ್ಲ, ಆ ಅಧಿಕಾರವೇ ಮೇಲ್ವಿಚಾರಣೆ. ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ನಮ್ಮ ಬೀಡಿಯನ್ನು ಪಕ್ಕಕ್ಕೆ ತಳ್ಳುವ ಕೈಯೇ ನಮ್ಮನ್ನು ಕೆಲಸಗಾರರನ್ನಾಗಿ ಮಾಡಿತು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತೊಂದನ್ನೂ ಹೇಳಿಬಿಡಬೇಕು. ಈ ಚಳವಳಿಯ ಸದಸ್ಯತ್ವದ ರಸೀದಿಗಳಲ್ಲಿ ಹೆಂಗಸರ ಹೆಸರೇ ಹೆಚ್ಚು, ವೇದಿಕೆಯ ಕುರ್ಚಿಗಳಲ್ಲಿ ಗಂಡಸರೇ ಹೆಚ್ಚು. ಪಿಎಫ್ ಕಚೇರಿಯ ಮುಂದೆ ಧರಣಿ ಕೂತವರು ನಾವು, ಒಳಗೆ ಮಾತುಕತೆಗೆ ಹೋದವರು ಅವರು. ಅದನ್ನು ಸರಿಮಾಡಿಕೊಳ್ಳುವುದು ನಮ್ಮ ಕೆಲಸ, ಇಲಾಖೆಯದಲ್ಲ. ಈ ಪತ್ರವನ್ನು ಹೆಂಗಸರೇ ಕೂತು ಬರೆದಿದ್ದೇವೆ ಎಂದು ದಾಖಲಿಸುವುದಕ್ಕಷ್ಟೇ ಹೇಳಿದೆವು.

ಈಗ ಬೇಡಿಕೆಗಳಿಗೆ ಬರುತ್ತೇವೆ. ಎಲ್ಲಕ್ಕೂ ಬುಡ ಒಂದು ಚಿಕ್ಕ ಪುಸ್ತಕ. ಕಚೇರಿಯ ಭಾಷೆಯಲ್ಲಿ ಲಾಗ್ ಬುಕ್, ನಮ್ಮ ಬಾಯಲ್ಲಿ ಬೀಡಿ ಪುಸ್ತಕ. ಕೊಟ್ಟ ಎಲೆ, ಕೊಟ್ಟ ತಂಬಾಕು, ಒಪ್ಪಿಸಿದ ಬೀಡಿ, ತಳ್ಳಿಹಾಕಿದ ಬೀಡಿ, ಸಿಕ್ಕ ಕೂಲಿ ಎಲ್ಲವೂ ಅದರಲ್ಲಿ. ಪಿಎಫ್, ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ, ಮನೆಯ ಸಹಾಯಧನ, ಯಾವುದನ್ನು ಕೇಳಲು ಹೋದರೂ ನೀನು ಬೀಡಿ ಕಟ್ಟುವವಳು ಎಂಬುದಕ್ಕೆ ಸಾಕ್ಷಿ ಎಲ್ಲಿ ಎನ್ನುತ್ತಾರೆ. ಸಾಕ್ಷಿ ಆ ಪುಸ್ತಕ. ಹೊಸ ನಿಯಮಗಳಲ್ಲಿ ಅದನ್ನು ಕಡ್ಡಾಯ ದಾಖಲೆ ಎಂದು ಸ್ಪಷ್ಟವಾಗಿ ಬರೆಯಬೇಕು. ಮೊಬೈಲಿನಲ್ಲಿ ಬರುತ್ತದೆ, ಪುಸ್ತಕವೇಕೆ ಎನ್ನುವವರಿಗೆ ನಮ್ಮ ಉತ್ತರ: ಮೊಬೈಲಿನಲ್ಲೂ ಬರಲಿ, ಕೈಯಲ್ಲೂ ಇರಲಿ. ಮೊಬೈಲಿನ ಅಂಕಿಯನ್ನು ಬರೆಯುವವರು ಅವರು, ಪುಸ್ತಕದ ಅಂಕಿಯನ್ನು ನಾವು ನಿಂತಲ್ಲೇ ನೋಡಿ ಜಗಳ ಮಾಡಬಹುದು.

ಇದೇ ಪುಸ್ತಕದಲ್ಲಿ ಒಂದು ಅನ್ಯಾಯವೂ ಅಡಗಿದೆ. ಪುಸ್ತಕ ಅತ್ತೆಯ ಹೆಸರಿನಲ್ಲಿರುತ್ತದೆ, ಬೀಡಿ ಕಟ್ಟುವವಳು ಸೊಸೆ. ಅತ್ತೆಗೆ ಕಣ್ಣು ಮಂಜಾದ ಮೇಲೂ ಹೆಸರು ಬದಲಾಗುವುದಿಲ್ಲ, ಯಾಕೆಂದರೆ ಹೊಸ ಪುಸ್ತಕ ಕೊಟ್ಟರೆ ಹೊಸ ಪಿಎಫ್ ಖಾತೆ ತೆರೆಯಬೇಕಾಗುತ್ತದೆ. ಮದುವೆಯಾಗಿ ಬಂದ ವರ್ಷದಿಂದ ಕಟ್ಟಿದ ನಮ್ಮ ಸದಸ್ಯೆಯೊಬ್ಬರು, ಅತ್ತೆ ತೀರಿಕೊಂಡ ದಿನ, ಕಾಗದದ ಪ್ರಕಾರ ಒಂದು ಬೀಡಿಯನ್ನೂ ಕಟ್ಟಿದವರಲ್ಲ. ಖಾತೆಯಲ್ಲಿದ್ದ ಹಣ ವಾರಸುದಾರರಾದ ಗಂಡಸರಿಗೆ ಹೋಯಿತು. ಇದು ಒಬ್ಬರ ಕಥೆಯಲ್ಲ, ಯಾವ ಊರಿನ ಬ್ರಾಂಚಿನ ಮುಂದೆ ನಿಂತರೂ ಕೇಳಸಿಗುವ ಕಥೆ. ಇಲಾಖೆಯ ಅಧಿಕಾರಿಗಳು ಮನೆ ಮನೆಗೆ ಹೋಗಿ ಯಾರ ಕೈ ಕಟ್ಟುತ್ತಿದೆಯೋ ಅವರ ಹೆಸರನ್ನು ಬರೆದುಕೊಳ್ಳಬೇಕು. ಒಂದು ಮನೆಯಲ್ಲಿ ಮೂವರು ಕಟ್ಟಿದರೆ ಮೂರು ಪುಸ್ತಕ ಕೊಡಿಸಬೇಕು. ಹಳೆಯ ಪುಸ್ತಕದ ಹೆಸರಿಗೂ ಆಧಾರಿನ ಹೆಸರಿಗೂ ಅಕ್ಷರ ಹೊಂದುವುದಿಲ್ಲವೆಂದು ಹಿಂದೆ ಬಿದ್ದಿರುವ ಪಿಎಫ್ ಅರ್ಜಿಗಳಿಗೆ, ಪಿಎಫ್ ಸಂಸ್ಥೆಯೊಂದಿಗೆ ಸೇರಿ ತಾಲೂಕು ಕೇಂದ್ರಗಳಲ್ಲಿ ಅದಾಲತ್ ನಡೆಸಬೇಕು. ಒಂದೇ ಹೆಂಗಸು ತವರಿನ ಹೆಸರು, ಗಂಡನ ಮನೆಯ ಹೆಸರು, ಕ್ಲರ್ಕನ ಕಿವಿಗೆ ಕೇಳಿಸಿದ ಹೆಸರು ಎಂದು ಮೂರಾಗಿ ಬದುಕುವುದು ನಮ್ಮೂರಲ್ಲಿ ಮಾಮೂಲು.

ಎರಡನೆಯದು ತಳ್ಳಿಹಾಕುವ ಬೀಡಿ. ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ತಳ್ಳಿಹಾಕಬಾರದು, ಹೆಚ್ಚಾದರೆ ಕಾರಣವನ್ನು ಬರೆದಿಡಬೇಕು ಎಂಬ ಮಿತಿ ಇದ್ದದ್ದು ಕಾಯ್ದೆಯಲ್ಲಲ್ಲ, ಅಂದಿನ ಮೈಸೂರು ರಾಜ್ಯದ ನಿಯಮಗಳಲ್ಲಿ. 1974ರ ತೀರ್ಪಿನಲ್ಲಿ ಊರ್ಜಿತವಾದವುಗಳಲ್ಲಿ ಆ ನಿಯಮವೂ ಸೇರಿತ್ತು. ಹೊಸ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲಿ ಬೀಡಿಗೆಂದು ಒಂದು ಸಣ್ಣ ಭಾಗವಿದೆ, ನಿಜ. ಪರವಾನಗಿ, ಮೇಲ್ಮನವಿ, ಹೊರಗೆ ಕೆಲಸ ಮಾಡಲು ಅನುಮತಿ ಇತ್ಯಾದಿ ಅದರಲ್ಲಿ ಬರುತ್ತವೆ. ಶೇ. 5ರ ಮಿತಿ ಉಳಿಯುವುದೂ ಅಳಿಯುವುದೂ ರಾಜ್ಯದ ನಿಯಮ ಬರೆಯುವವರ ಕೈಯಲ್ಲಿದೆ, ಅಂದರೆ ತಮ್ಮ ಇಲಾಖೆಯ ಕೈಯಲ್ಲಿ. ಅದನ್ನು ಉಳಿಸಿ. ಜೊತೆಗೆ, ತಳ್ಳಿದ ಬೀಡಿಯನ್ನು ಕಟ್ಟಿದವರ ಕಣ್ಣೆದುರೇ ಮುರಿಯಬೇಕು ಎಂದೂ ಸೇರಿಸಿ. ಕೂಲಿಯ ಲೆಕ್ಕದಿಂದ ಕಳೆದ ಬೀಡಿ ಮಾರಾಟದ ಕಟ್ಟಿನೊಳಗೆ ಸೇರುವುದಿಲ್ಲ ಎಂದು ನಂಬುವಷ್ಟು ಮುಗ್ಧರು ಬ್ರಾಂಚಿನ ಸಾಲಿನಲ್ಲಿ ಯಾರೂ ಇಲ್ಲ.

ಎಲೆಯದೂ ಇದೇ ಪಾಡು. ಸಾವಿರ ಬೀಡಿಗೆಂದು ಕೊಟ್ಟ ಎಲೆಯಲ್ಲಿ ತೂತು, ಒಣಕಲು ಸೇರಿದ್ದರೆ ಸಾವಿರ ಆಗುವುದಿಲ್ಲ. ಕಮ್ಮಿ ಬಿದ್ದದ್ದಕ್ಕೆ ನಾವೇ ಅಂಗಡಿಯಿಂದ ಎಲೆ ತಂದು ಭರ್ತಿ ಮಾಡಬೇಕು. ಎಲೆ, ತಳ್ಳಿದ ಬೀಡಿ ಮತ್ತು ಅದರ ಕೂಲಿಯ ಜಗಳಗಳನ್ನು ದೊಡ್ಡ ಕೋರ್ಟಿಗೆ ಅಲೆಸದೆ ಚುರುಕಾಗಿ ತೀರಿಸಲು 1966ರ ಕಾಯ್ದೆ ಒಬ್ಬ ಪ್ರಾಧಿಕಾರಿಯನ್ನು ಕಲ್ಪಿಸಿತ್ತು. ತಾಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಆ ಅಧಿಕಾರವನ್ನು ನಿಯಮದಲ್ಲೇ ಕೊಡಿ. ಇನ್ನೂರು ಬೀಡಿಯ ಕೂಲಿಗಾಗಿ ಮಂಗಳೂರಿಗೆ ಬಸ್ಸು ಹತ್ತಿದರೆ ಟಿಕೇಟಿಗೇ ಕೂಲಿ ಮುಗಿಯುತ್ತದೆ.

ಕೂಲಿಯ ಬಗ್ಗೆ. ನಮಗೆ ಸಿಗುವುದು ಸಾವಿರಕ್ಕೆ ಇಷ್ಟು ಎಂಬ ಲೆಕ್ಕದ ಕೂಲಿ. ದರ ಎಷ್ಟೇ ಏರಿದರೂ ವಾರದಲ್ಲಿ ಮೂರು ನಾಲ್ಕು ದಿನ ಮಾತ್ರ, ಅದೂ ಅರ್ಧಂಬರ್ಧ ಎಲೆ ಕೊಟ್ಟರೆ, ಕೈಗೆ ಬರುವುದು ಕನಿಷ್ಠ ವೇತನವಾಗುವುದಿಲ್ಲ. ಬಿಡಿಲೆಕ್ಕದ ಕೆಲಸಕ್ಕೂ ದಿನಗೂಲಿಯ ಭರವಸೆಯ ಮೊತ್ತವೊಂದನ್ನು ನಿಗದಿ ಮಾಡಬಹುದು ಎಂದು 1948ರ ಕಾಯ್ದೆಯೇ ಹೇಳಿತ್ತು, ವೇತನ ಸಂಹಿತೆಯಲ್ಲೂ ಅದಕ್ಕೆ ಅವಕಾಶವಿದೆ. ಎಲೆ ಕೊಡದ ದಿನಕ್ಕೂ ಒಂದು ಪಾಲು ಕೂಲಿ ಸಿಗುವಂತೆ ಆ ಅವಕಾಶವನ್ನು ಬೀಡಿಗೆ ಅನ್ವಯಿಸಿ. ತುಟ್ಟಿಭತ್ಯೆಯನ್ನು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ವರ್ಷ ವರ್ಷ ತಪ್ಪದೆ ಕೊಡಿಸಿ.

ಸಂಘದ ಹಕ್ಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಂದು ಸಂಸ್ಥೆಯಲ್ಲಿ ಹಲವು ಸಂಘಗಳಿದ್ದರೆ ಹಾಜರಿ ಪಟ್ಟಿಯಲ್ಲಿರುವ ಕೆಲಸಗಾರರಲ್ಲಿ ಶೇ. 51 ಜನರ ಬೆಂಬಲವಿರುವ ಸಂಘವೇ ಮಾತುಕತೆಯ ಸಂಘ ಎಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ. ನಮ್ಮ ಹೆಸರಿರುವ ಹಾಜರಿ ಪಟ್ಟಿ ಯಾವುದು? ಬ್ರಾಂಚಿನಲ್ಲಿ ತೂಗುವ, ಎಣಿಸುವ, ಬರೆಯುವ ಕೆಲವರಷ್ಟೇ ಆ ಪಟ್ಟಿಯಲ್ಲಿದ್ದಾರೆ ಎಂದು ಯಾರಾದರೂ ವಾದಿಸಿದರೆ, ಸಾವಿರಾರು ಹೆಂಗಸರ ಪರವಾಗಿ ಸಹಿ ಹಾಕುವ ಅಧಿಕಾರ ಹತ್ತಾರು ಜನರಿಗೆ ಹೋಗಿಬಿಡುತ್ತದೆ. ಲಾಗ್ ಬುಕ್ ಹೊಂದಿದ ಪ್ರತಿಯೊಬ್ಬರನ್ನೂ ಹಾಜರಿ ಪಟ್ಟಿಯಲ್ಲಿರುವವರೆಂದೇ ಎಣಿಸತಕ್ಕದ್ದು ಎಂಬ ಒಂದು ವಾಕ್ಯ ಸಾಕು. ದಯವಿಟ್ಟು ಅದನ್ನು ಬರೆಯಿರಿ.

ಕೇಂದ್ರಕ್ಕೆ ತಾವು ಶಿಫಾರಸು ಮಾಡಬೇಕಾದ ಎರಡು ವಿಷಯಗಳಿವೆ. 1995ರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಲ್ಲಿಸಿದ್ದು 2014ರ ಸೆಪ್ಟೆಂಬರಿನಲ್ಲಿ. ಅಂದಿನ ಅಕ್ಕಿಯ ಬೆಲೆ ಇಂದು ಇಲ್ಲ. ಎರಡನೆಯದಾಗಿ, 1976ರ ಬೀಡಿ ಕ್ಷೇಮನಿಧಿಗೆ ಹಣ ಬರುತ್ತಿದ್ದದ್ದು ಬೀಡಿಯ ಮೇಲಿನ ಸೆಸ್ಸಿನಿಂದ. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ಸು ರದ್ದಾಯಿತು. ಬೀಡಿಯ ಮೇಲೆ ಶೇ. 28 ತೆರಿಗೆ ಹಾಕಿದರೂ ಅದರಲ್ಲಿ ಇಂತಿಷ್ಟು ಬೀಡಿ ಕಟ್ಟುವವರಿಗೆ ಎಂಬ ಕಟ್ಟುಪಾಡು ಇರಲಿಲ್ಲ. ನಿಧಿಗೆ ನಿಶ್ಚಿತ ಆದಾಯ ಬೇಕು. ಬೀಡಿ ಕಾರ್ಮಿಕರ ಆಸ್ಪತ್ರೆ ಮೈಸೂರಿನಲ್ಲಿದೆ. ಕೆಮ್ಮುವ ಮುದುಕಿಯನ್ನು ಘಟ್ಟ ಹತ್ತಿಸಿ ಅಲ್ಲಿಗೆ ಒಯ್ಯುವವರು ಯಾರು? ಕರಾವಳಿಯಲ್ಲೇ ಒಂದು ಆಸ್ಪತ್ರೆ ಬೇಕು.

ಕೊನೆಯದು. ಬೀಡಿ ಆರೋಗ್ಯಕ್ಕೆ ಕೆಟ್ಟದ್ದು ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ತಂಬಾಕಿನ ಘಾಟು ನಮ್ಮ ಸೆರಗಿನಲ್ಲಿ, ತಲೆಗೂದಲಿನಲ್ಲಿ, ಹಾಲು ಕುಡಿಯುವ ಕೂಸಿನ ಮೂಗಿನಲ್ಲಿ ಇದೆ. ಬೀಡಿಯನ್ನು ಉಳಿಸಿ ಎಂದು ನಾವು ಬೇಡುತ್ತಿಲ್ಲ, ನಮ್ಮ ಹೆಣ್ಣುಮಕ್ಕಳು ತಡ್ಪೆ ಹಿಡಿಯುವುದನ್ನು ನಾವೇ ಬಿಡಿಸಿದ್ದೇವೆ. ಆದರೆ ಈ ಕೆಲಸ ದಿನದಿನಕ್ಕೆ ಕರಗುತ್ತಿರುವಾಗ ಐವತ್ತು ದಾಟಿದವರು ಎಲ್ಲಿಗೆ ಹೋಗಬೇಕು? ಕಣ್ಣೂರಿನ ದಿನೇಶ್ ಸಂಘ ಬೀಡಿಯಿಂದ ಕೊಡೆ, ಉಡುಪು, ಆಹಾರ ಪದಾರ್ಥಗಳ ಕಡೆಗೆ ತನ್ನವರನ್ನು ಹೊರಳಿಸಿತು. ಅದರ ಹಿಂದೆ ಅಲ್ಲಿನ ಸರ್ಕಾರದ ಬಂಡವಾಳವೂ ಇತ್ತು, ಸಂಘದ ಹಟವೂ ಇತ್ತು. ಹಟ ನಮ್ಮಲ್ಲಿದೆ. ಎರಡು ಜಿಲ್ಲೆಗಳಿಗೆ ಪರ್ಯಾಯ ಉದ್ಯೋಗದ ಒಂದು ಸಹಕಾರಿ ಯೋಜನೆಯನ್ನು ಸಂಘಗಳನ್ನು ಕೂರಿಸಿಕೊಂಡೇ ರೂಪಿಸಬೇಕೆಂದು ಕೋರುತ್ತೇವೆ. ತರಬೇತಿಯ ಪ್ರಮಾಣಪತ್ರಗಳು ನಮ್ಮ ಟ್ರಂಕುಗಳಲ್ಲಿ ಈಗಾಗಲೇ ಸಾಕಷ್ಟಿವೆ.

ಈ ವಿಷಯಗಳ ಮೇಲೆ ಮಾತುಕತೆಗೆ ಒಂದು ದಿನ ನಿಗದಿ ಮಾಡಬೇಕಾಗಿ ವಿನಂತಿ. ಸಭೆ ಮಂಗಳೂರಿನಲ್ಲಿ ನಡೆದರೆ ಹೆಚ್ಚು ಜನ ಬರಬಹುದು. ಬೆಂಗಳೂರಿನಲ್ಲೇ ಆಗಬೇಕೆಂದರೆ ಐದು ಜನ ಬರುತ್ತೇವೆ, ಅದರಲ್ಲಿ ನಾಲ್ವರು ಹೆಂಗಸರು.

ತಮ್ಮ ವಿಶ್ವಾಸಿಗಳು,
ಮನೆಯಲ್ಲಿ ಬೀಡಿ ಕಟ್ಟುವ ಕೆಲಸಗಾರರ ಪರವಾಗಿ
ಸಂಘದ ಅಧ್ಯಕ್ಷೆ ಮತ್ತು ಕಾರ್ಯದರ್ಶಿ

ಸ್ಥಳ: ಮಂಗಳೂರು

ಅಡಕ: ಮೂರು ಬೀಡಿ ಪುಸ್ತಕಗಳ ನಕಲು. ಮೂಲ ಪ್ರತಿಗಳನ್ನು ಲಗತ್ತಿಸಿಲ್ಲ, ಶನಿವಾರ ಬ್ರಾಂಚಿಗೆ ಹೋಗಲು ಬೇಕು.