ಇಬ್ಬರೂ ಸೋಲದ ಒಂದು ಕದನ

ಚದುರಂಗದಲ್ಲಿ ಆಟ ಸಮವಾಯಿತೆಂದರೆ, ಇಬ್ಬರೂ ಎದೆಗಾರಿಕೆಯಿಲ್ಲದೆ ಆಡಿದರೆಂದೇ ನಾವು ಎಣಿಸುವುದುಂಟು. 1872ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ನಡೆದ ಒಂದು ಆಟವು ಈ ಎಣಿಕೆಯನ್ನು ಸುಳ್ಳಾಗಿಸುತ್ತದೆ.

ಬಿಳಿಯ ಕಾಯಿಗಳನ್ನು ನಡೆಸಿದವರು ಕಾರ್ಲ್ ಹಾಂಪೆ. ಕರಿಯ ಕಾಯಿಗಳನ್ನು ನಡೆಸಿದವರು ನ್ಯಾಯವಾದಿ ಫಿಲಿಪ್ ಮೈಟ್ನರ್. ಮುಂದೆ ಪರಮಾಣು ವಿದಳನದ ಮರ್ಮವನ್ನು ವಿವರಿಸಿದ ವಿಜ್ಞಾನಿ ಲೀಸ ಮೈಟ್ನರ್ ಇವರ ಪುತ್ರಿ. ಆಟದ ಆರಂಭಕ್ರಮಕ್ಕೂ ಆ ನಗರದ ಹೆಸರೇ: 'ವಿಯೆನ್ನಾ ಆಟ'.

3ನೆಯ ನಡೆಯಲ್ಲಿಯೇ ಮೈಟ್ನರ್ ಒಂಟೆಯನ್ನು ಬಲಿಗೊಟ್ಟು ಬಿಳಿಯ ಅರಸನನ್ನು ಬಯಲಿಗೆಳೆದರು. 9ನೆಯ ನಡೆಯಲ್ಲಿ ಒಂದು ಕುದುರೆಗಾಗಿ ಮಂತ್ರಿಯನ್ನೇ ತೆತ್ತರು. ಬಳಿಕ ತಮ್ಮ ಕುದುರೆಯೂ ಹೋಯಿತು. ಬಿಳಿಯ ಅರಸನು ಒಂಟಿಯಾಗಿ ಶತ್ರುವಿನ ಬೀಡನ್ನು ಹೊಕ್ಕು ಅಲೆಯಬೇಕಾಯಿತು.

16ನೆಯ ನಡೆಯಲ್ಲಿ ಮೈಟ್ನರ್ ಉಳಿದೊಂದು ಒಂಟೆಯನ್ನು ಅರಸನ ಮಗ್ಗುಲಲ್ಲೇ ತಂದಿಟ್ಟು ಚೆಕ್ ಕೊಟ್ಟರು. ಅದಕ್ಕೆ ಕಾವಲಿಲ್ಲ, ಕೈಚಾಚಿದರೆ ದಕ್ಕುವ ತುತ್ತು. ಆದರೆ ಅದನ್ನು ಹೊಡೆದರೆ ಕರಿಯ ಅರಸನು ಹಿಂದಿನ ಸಾಲಿನಿಂದ ಸರಿದು ತನ್ನ ಆನೆಗೆ ದಾರಿ ಬಿಡುತ್ತಿದ್ದನು. ಆಗ ಎರಡು ಆನೆಗಳ ನಡುವೆ ಸಿಲುಕಿದ ಬಿಳಿಯ ಅರಸನಿಗೆ ಉಳಿವಿರಲಿಲ್ಲ. ಹಾಂಪೆ ಆ ಒಂಟೆಯನ್ನು ಮುಟ್ಟದೆ ಅರಸನನ್ನು ಹಿಂದೆ ಸರಿಸಿದರು. ಇತ್ತ ಬಲವನ್ನೆಲ್ಲ ತೆತ್ತಿದ್ದ ಮೈಟ್ನರ್ ಚೆಕ್ ಕೊಡುವುದನ್ನು ನಿಲ್ಲಿಸಿದ್ದರೆ ಸೋಲು ಅವರದಾಗುತ್ತಿತ್ತು. ಒಂಟೆಯೂ ಅರಸನೂ ಅವೇ ಮನೆಗಳಲ್ಲಿ ಹಿಂದುಮುಂದಾಗಿ, 18 ನಡೆಗಳಿಗೆ ಆಟ ಸಮವಾಯಿತು.

ಚದುರಂಗ ಬಲ್ಲವರು ಇದನ್ನು 'ಅಮರ ಡ್ರಾ' ಎನ್ನುತ್ತಾರೆ. ಎಲ್ಲವನ್ನೂ ಕೊಡಬಲ್ಲ ಧೈರ್ಯಕ್ಕೆ, ಎದುರಿಗಿಟ್ಟ ತುತ್ತನ್ನು ಬಿಡಬಲ್ಲ ಸಂಯಮವು ಇಲ್ಲಿ ಸರಿಸಮನಾಗಿ ನಿಂತಿತು. ಮನೆಯ ಮಕ್ಕಳಿಗೆ ಚದುರಂಗ ಕಲಿಸುವಾಗ ಗೆದ್ದ ಆಟಗಳ ಜೊತೆಗೆ ಈ ಆಟವನ್ನೂ ಮಣೆಯ ಮೇಲೆ ಆಡಿ ತೋರಿಸೋಣ.