ಕಣ್ಣಿಗೆ ಕಾಣದ ಕಾಡಿಗೆ

ಕಣ್ಣು ಲೋಕವನ್ನೆಲ್ಲ ಕಾಣುತ್ತದೆ. ತನ್ನ ರೆಪ್ಪೆಗೆ ಅಂಟಿದ ಕಾಡಿಗೆಯನ್ನು ಮಾತ್ರ ಕಾಣದು. ಬರೆದವನಿಗೆ ತನ್ನ ಬರಹದ ದೋಷವೂ ಹಾಗೆಯೇ ಎಂಬ ಅಭಿಪ್ರಾಯವು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಬಂದಿದೆ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವೇ ಇನ್ನೊಬ್ಬರ ಕಣ್ಣಿನ ಅಗತ್ಯವನ್ನು ಹೇಳಿದೆಯೆಂಬುದು ಗಮನಾರ್ಹವಾದ ಸಂಗತಿ. ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಈ ವರ್ಷ ನಮ್ಮ ತರಗತಿಯಲ್ಲಿಯೇ ನಡೆದ ಒಂದು ಪ್ರಸಂಗವು ನನಗೆ ನೆನಪಾಯಿತು. ಅದು ನನ್ನ ಕಣ್ಣಿನ ಕಾಡಿಗೆಯನ್ನು ನನಗೆ ತೋರಿಸಿಕೊಟ್ಟ ಪ್ರಸಂಗವಾದುದರಿಂದ ಅದನ್ನೇ ನಿವೇದಿಸುತ್ತೇನೆ.

ಶಾಲೆಯ ಸಾಹಿತ್ಯ ಸಂಘದ ವತಿಯಿಂದ ಹತ್ತನೆಯ ತರಗತಿಯವರಿಗೆ ‘ಚೋಮನ ದುಡಿ’ ಚಿತ್ರವನ್ನು ತೋರಿಸಲಾಯಿತು. ಶಿವರಾಮ ಕಾರಂತರ ಕಾದಂಬರಿಯು ಪ್ರಕಟವಾದುದು 1933ರಲ್ಲಿ, ಬಿ. ವಿ. ಕಾರಂತರು ಅದನ್ನು ಚಲನಚಿತ್ರವಾಗಿಸಿದುದು 1975ರಲ್ಲಿ. ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಅದಕ್ಕೆ ಸಂದಿತು; ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ದೊರೆಯಿತು. ಚಿತ್ರವನ್ನು ನೋಡಿದ ಬಳಿಕ ಪ್ರತಿಯೊಬ್ಬರೂ ಒಂದು ವಿಮರ್ಶಾ ಪ್ರಬಂಧವನ್ನು ಬರೆಯತಕ್ಕದ್ದು, ಆಮೇಲೆ ಒಬ್ಬರ ಪ್ರಬಂಧವನ್ನು ಇತರ ಮೂವರು ಓದಿ ತಮ್ಮ ಅಭಿಪ್ರಾಯವನ್ನು ಬರೆದು ಕೊಡತಕ್ಕದ್ದು ಎಂದು ಗೊತ್ತುಮಾಡಿದ್ದೆವು.

ತರಗತಿಯಲ್ಲಿ ಭಾಷಾಶುದ್ಧಿಗೆ ಹೆಸರಾದ ಹುಡುಗನೊಬ್ಬನು ಎಂಟು ಪುಟಗಳ ಪ್ರಬಂಧವನ್ನು ಬರೆದನು. ಮೊದಲು ಅದನ್ನು ಓದಿದವನು ನಾನು. ಎರಡು ಕಡೆ ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು, ಒಂದು ಕಡೆ ವಿಭಕ್ತಿಪಲ್ಲಟ. ಉಳಿದಂತೆ ಶೈಲಿಯು ನಿರ್ದುಷ್ಟವಾಗಿತ್ತು. ‘ಉತ್ತಮ ಪ್ರಬಂಧ’ ಎಂದು ಕೆಂಪು ಮಸಿಯಲ್ಲಿ ಷರಾ ಬರೆದು ಸಹಪಾಠಿಗಳ ಕೈಗೆ ಕೊಟ್ಟೆನು.

ಮೂವರಲ್ಲಿ ಮೊದಲನೆಯವನು ಬರೆದುದು ಒಂದೇ ವಾಕ್ಯ: “ಬಹಳ ಚೆನ್ನಾಗಿದೆ.” ಅವನು ಲೇಖಕನ ಆಪ್ತ ಸ್ನೇಹಿತ. ಸ್ನೇಹವು ಕೆಡದಿರಲೆಂದು ಹೇಳುವ ಇಂಥ ಮಾತು ಹಬ್ಬದ ದಿನ ಹಂಚುವ ಎಳ್ಳುಬೆಲ್ಲದಂತೆ. ಬಾಯಿಗೆ ಸಿಹಿಯೇ ಹೊರತು ಅದರಿಂದ ಹೊಟ್ಟೆ ತುಂಬದು.

ಎರಡನೆಯವಳು ಒಬ್ಬ ವಿದ್ಯಾರ್ಥಿನಿ. ಪ್ರಬಂಧದಲ್ಲಿ ‘ಚಿತ್ರದ ಸಂಗೀತವು ಇಂಪಾಗಿದೆ’ ಎಂಬ ವಾಕ್ಯವಿತ್ತು. ಅದರ ಪಕ್ಕದಲ್ಲಿ ಅವಳು ಹೀಗೆ ಬರೆದಿದ್ದಳು: “ದುಡಿಯ ಸದ್ದು ನನಗೆ ಇಂಪಾಗಿ ಕೇಳಿಸಲಿಲ್ಲ, ಭಯವಾಯಿತು. ನಿನಗೆ ಯಾವಾಗ ಇಂಪೆನಿಸಿತು?” ಎಷ್ಟು ಸರಳವಾದ ಪ್ರಶ್ನೆ! ಚೋಮನು ತನ್ನ ಸಂಕಟವನ್ನೂ ಕ್ರೋಧವನ್ನೂ ಸುರಿಯುವುದು ದುಡಿಯ ಮೇಲೆ; ಕಡೆಗೆ ಗುಡಿಸಲ ಬಾಗಿಲನ್ನು ಮುಚ್ಚಿಕೊಂಡು ಪ್ರಾಣ ಹೋಗುವವರೆಗೆ ಅವನು ಬಾರಿಸುವುದೂ ಅದನ್ನೇ. ಅಲಂಕಾರಶಾಸ್ತ್ರದಲ್ಲಿ ನಾವು ಧ್ವನಿಯೆಂದು ಕರೆಯುವುದು ಶಬ್ದಾರ್ಥಗಳನ್ನು ಮೀರಿ ಹೊಮ್ಮುವ ಅರ್ಥವನ್ನು. ಈ ಚಿತ್ರದಲ್ಲಿ ಕಿವಿಗೆ ಕೇಳುವ ಧ್ವನಿಯೇ ಆ ಇನ್ನೊಂದು ಧ್ವನಿಯೂ ಆಗಿದೆ. ಇದನ್ನು ಆನಂದವರ್ಧನನ ಹೆಸರೆತ್ತಿ ಬೋಧಿಸಬಲ್ಲ ನಾನು ‘ಇಂಪಾಗಿದೆ’ ಎಂಬ ಮಾತನ್ನು ಓದಿಯೂ ಮುಂದೆ ಸಾಗಿದ್ದೆನು. ತನ್ನ ಕಿವಿಯನ್ನು ನಂಬಿದ ಹುಡುಗಿಯು ಅಲ್ಲಿಯೇ ನಿಂತಳು.

ಮೂರನೆಯವನು ಪ್ರಸಾದ ನಿಲಯದಲ್ಲಿದ್ದು ಓದುತ್ತಿರುವ, ತರಗತಿಯಲ್ಲಿ ಹೆಚ್ಚು ಮಾತನಾಡದ ಹುಡುಗ. ‘ಚೋಮನ ಬಾಳು ವಿಧಿಯ ಕ್ರೂರ ವಿಲಾಸಕ್ಕೆ ನಿದರ್ಶನ’ ಎಂದು ಪ್ರಬಂಧವು ಮುಗಿದಿತ್ತು. ವಾಕ್ಯವು ಗಂಭೀರವಾಗಿದೆಯೆಂದು ನಾನು ಮೆಚ್ಚಿ ಅಡಿಗೆರೆ ಎಳೆದಿದ್ದೆನು. ಆ ಗೆರೆಯ ಕೆಳಗೆ ಇವನು ಪೆನ್ಸಿಲಿನಲ್ಲಿ ಬರೆದಿದ್ದನು: “ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗಿದ್ದು ವಿಧಿಯಿಂದಲೇನೋ? ದಡದಲ್ಲಿ ಜನ ಇದ್ದರಲ್ಲ. ಅವರನ್ನು ನೀನು ಯಾಕೆ ಬರೆದಿಲ್ಲ?”

ಆ ಮೂರು ಸಾಲುಗಳನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆನು. ಮುಳುಗುತ್ತಿರುವ ಮಗುವು ಅಸ್ಪೃಶ್ಯನ ಮಗುವೆಂಬ ಕಾರಣಕ್ಕೆ ಅಲ್ಲಿ ಯಾರೂ ಕೈಚಾಚಲಿಲ್ಲ. ಚೋಮನಿಗೆ ಎತ್ತುಗಳಿದ್ದೂ ಉಳಲು ನೆಲ ಸಿಗದೆ ಹೋದುದು ಆಕಾಶದಿಂದ ಇಳಿದು ಬಂದ ಶಾಪದಿಂದಲ್ಲ. ಮನುಷ್ಯರು ಮಾಡಿ, ಮನುಷ್ಯರೇ ಕಾದುಕೊಂಡು ಬಂದ ಕಟ್ಟಳೆಯಿಂದ. ಚಿತ್ರವು ಅದನ್ನು ಕಣ್ಣೆದುರಿಗೆ ತಂದು ನಿಲ್ಲಿಸಿರುವಾಗ ‘ವಿಧಿ’ ಎಂಬ ಒಂದೇ ಶಬ್ದದಿಂದ ಅದನ್ನು ಮುಚ್ಚಿಬಿಟ್ಟದ್ದು ಭಾಷೆಯ ದೋಷವಲ್ಲ, ದೃಷ್ಟಿಯ ದೋಷ. ಬರೆದ ಹುಡುಗನು ಕೇಡಿನಿಂದ ಹಾಗೆ ಬರೆದವನಲ್ಲ. ಆ ಶಬ್ದವು ಪುಸ್ತಕಗಳಿಂದಲೂ ನಮ್ಮಂಥವರ ಪಾಠದಿಂದಲೂ ಅವನ ನಾಲಗೆಗೆ ಬಂದುದು. ಮಹಾಪ್ರಾಣವನ್ನು ತಿದ್ದಿದ ನಾನು ಪ್ರಾಣಹಾನಿಯನ್ನು ಗಮನಿಸದೆ ಹೋದೆನು.

ಮರುದಿನ ಆ ದೃಶ್ಯವನ್ನು ಇನ್ನೊಮ್ಮೆ ಹಾಕಿಸಿ ಎಲ್ಲರೂ ನೋಡಿದೆವು. ಯಾರೂ ಮಾತನಾಡಲಿಲ್ಲ. ‘ಉತ್ತಮ ಪ್ರಬಂಧ’ ಎಂಬ ನನ್ನ ಷರಾವು ಅವಸರದ್ದೆಂದು ತರಗತಿಯ ಮುಂದೆ ಒಪ್ಪಿಕೊಂಡೆನು. ಒಂದು ವಾರದ ಬಳಿಕ ಲೇಖಕನು ತನ್ನ ಪ್ರಬಂಧವನ್ನು ಪುನಃ ಬರೆದು ತಂದನು. ಎಂಟು ಪುಟಗಳು ಐದಾಗಿದ್ದವು. ‘ಅಮೋಘ’, ‘ಅದ್ಭುತ’, ‘ಇಂಪು’ ಮೊದಲಾದ ವಿಶೇಷಣಗಳು ಉದುರಿಹೋಗಿದ್ದವು. ದಡದ ಜನರು ಬಂದಿದ್ದರು. ದುಡಿಯ ಸದ್ದಿಗೇ ಒಂದು ಪುಟವು ಮೀಸಲಾಗಿತ್ತು. ವಿಧಿಯೆಂಬ ಶಬ್ದವು ಎಲ್ಲಿಯೂ ಇರಲಿಲ್ಲ.

ಇದರಿಂದ ನಾನು ಕಂಡುಕೊಂಡುದು ಇಷ್ಟು: ಸಹಪಾಠಿಯ ಪ್ರಬಂಧವನ್ನು ಓದುವುದೆಂದರೆ ಅದನ್ನು ಹೊಗಳುವುದೂ ಅಲ್ಲ, ತೆಗಳುವುದೂ ಅಲ್ಲ, ಬರೆದವನನ್ನು ಅವನು ನೋಡದೆ ಬಿಟ್ಟ ಸ್ಥಳಕ್ಕೆ ಕೈಹಿಡಿದು ಕರೆದೊಯ್ಯುವುದು. ನಮ್ಮ ಶಾಸ್ತ್ರಪದ್ಧತಿಯಲ್ಲಿ ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ನಿರೂಪಿಸದೆ ಅದನ್ನು ಖಂಡಿಸುವಂತಿಲ್ಲ. ಅದರಂತೆ ಪ್ರಬಂಧವು ಏನು ಹೇಳುತ್ತಿದೆಯೆಂಬುದನ್ನು ಓದುಗನು ಮೊದಲು ತನ್ನ ಮಾತಿನಲ್ಲಿ ಒಂದೆರಡು ವಾಕ್ಯಗಳಲ್ಲಿ ಬರೆಯಲಿ. ಲೇಖಕನು ‘ನಾನು ಹೇಳಿದ್ದು ಅದಲ್ಲ’ ಎಂದರೆ, ದೋಷವು ಓದಿನಲ್ಲಿದೆಯೋ ಬರಹದಲ್ಲಿದೆಯೋ ಅಲ್ಲಿಯೇ ತಿಳಿಯುತ್ತದೆ. ಅನಂತರ ಪ್ರಬಂಧದ ಪ್ರತಿಯೊಂದು ತೀರ್ಮಾನಕ್ಕೂ ‘ಇದನ್ನು ಚಿತ್ರದಲ್ಲಿ ಎಲ್ಲಿ ಕಂಡೆ, ಎಲ್ಲಿ ಕೇಳಿದೆ?’ ಎಂಬ ಪ್ರಶ್ನೆಯನ್ನು ಹಾಕಲಿ. ಕಾದಂಬರಿಯಲ್ಲಿ ಓದಿದುದನ್ನು ಚಿತ್ರದ ಲೆಕ್ಕಕ್ಕೆ ಬರೆಯುವ ಅಭ್ಯಾಸವು ಇದರಿಂದ ತಪ್ಪುತ್ತದೆ. ಛಾಯಾಗ್ರಹಣವು ಸುಂದರವೆಂದರೆ ಸಾಲದು. ಯಾವ ಮುಖವನ್ನು ಹತ್ತಿರದಿಂದ ತೋರಿಸಿದರು, ಯಾರನ್ನು ದೂರದಲ್ಲಿ ನಿಲ್ಲಿಸಿದರು ಎಂಬುದು ಬೇಕು. ಕಾಗುಣಿತದ ತಪ್ಪುಗಳನ್ನು ಕಟ್ಟಕಡೆಯಲ್ಲಿ ನೋಡಲಿ. ವ್ಯಾಕರಣ ಪಂಡಿತನಾದ ನಾನೇ ಈ ಮಾತನ್ನು ಹೇಳುತ್ತಿರುವುದು ಅನೇಕರಿಗೆ ಆಶ್ಚರ್ಯವನ್ನು ಉಂಟುಮಾಡಬಹುದು. ಆದರೆ ಗೋಡೆಯನ್ನೇ ಕೆಡವಿ ಕಟ್ಟಬೇಕಾಗಿರುವಾಗ ಮೊದಲು ಸುಣ್ಣ ಬಳಿದು ಪ್ರಯೋಜನವೇನು?

ಇನ್ನೊಂದು ಮಾತು. ತೀರ್ಪಿಗಿಂತ ಪ್ರಶ್ನೆಯು ಮೇಲು. ‘ನಿನ್ನ ಪ್ರಬಂಧದಲ್ಲಿ ಹುರುಳಿಲ್ಲ’ ಎಂದಿದ್ದರೆ ಲೇಖಕನು ಮುನಿಸಿಕೊಂಡು ಹಾಳೆಯನ್ನು ಮಡಿಸಿಡುತ್ತಿದ್ದನು. ‘ಯಾಕೆ ಬರೆದಿಲ್ಲ?’ ಎಂದುದರಿಂದ ಉತ್ತರವನ್ನು ಹುಡುಕಿಕೊಂಡು ಹೊರಟನು. ಆದರೆ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಲೇಖಕನು ತಲೆಬಾಗಬೇಕಾಗಿಲ್ಲ. ಕಾರಣವನ್ನು ಕೊಟ್ಟು ತನ್ನ ಮಾತನ್ನು ಉಳಿಸಿಕೊಳ್ಳುವ ಅಧಿಕಾರವು ಅವನಿಗೆ ಇದ್ದೇ ಇದೆ.

‘ಮಕ್ಕಳು ಮಕ್ಕಳನ್ನು ತಿದ್ದುವುದು ಕುರುಡನ ಕೈಯನ್ನು ಕುರುಡ ಹಿಡಿದಂತಲ್ಲವೇ?’ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ಆಕ್ಷೇಪವು ಪೂರ್ತಿ ಸುಳ್ಳಲ್ಲ. ‘ಬಹಳ ಚೆನ್ನಾಗಿದೆ’ ಎಂದ ಹುಡುಗನಿಗೆ ಓದುವ ಬಗೆಯನ್ನು ನಾವು ಕಲಿಸಿರಲಿಲ್ಲ. ಅದು ನಮ್ಮ ಕೊರತೆ. ಪರೀಕ್ಷೆ, ಅಂಕ, ಕಾಲಾವಕಾಶಗಳ ಕಷ್ಟವೂ ನನಗೆ ತಿಳಿಯದುದಲ್ಲ. ಆದರೂ ಹಿರಿಯರು ವಿದ್ಯೆಯನ್ನು ನಾಲ್ಕು ಪಾಲು ಮಾಡಿ, ಗುರುವಿನಿಂದ ಬರುವುದು ಒಂದು ಪಾಲು, ಸ್ವಬುದ್ಧಿಯಿಂದ ಒಂದು, ಜೊತೆಯಲ್ಲಿ ಓದುವವರಿಂದ ಒಂದು, ಕಾಲಕ್ರಮದಲ್ಲಿ ಒಂದು ಎಂದಿದ್ದಾರೆ. ಗುರುವಿನ ಪಾಲೊಂದನ್ನೇ ಇಡಿಯೆಂದು ತಿಳಿದು ಸಹಪಾಠಿಯ ಪಾಲನ್ನು ನಾವು ಬಹುಕಾಲ ಮರೆತಿದ್ದೇವೆ. ಅಂದು ಆ ಚಿತ್ರವನ್ನು ನೋಡುವಾಗ ನನಗೆ ಇಲ್ಲದ ಕಣ್ಣು ಆ ಹುಡುಗನಿಗೆ ಇದ್ದಿತು. ಅದು ಅವನಿಗೆ ಎಲ್ಲಿಂದ ಬಂದಿತೆಂದು ನಾನು ಕೇಳಲಿಲ್ಲ. ಕೇಳುವುದು ಉಚಿತವೂ ಆಗಿರಲಿಲ್ಲ.

ವಿದ್ಯಾರ್ಥಿಮಿತ್ರರೇ, ನಿಮ್ಮ ಗೆಳೆಯನು ತನ್ನ ಬರಹವನ್ನು ನಿಮ್ಮ ಕೈಗೆ ಕೊಟ್ಟಾಗ ಅವನು ತನ್ನ ಕಣ್ಣನ್ನೇ ನಿಮ್ಮ ಮುಂದೆ ಹಿಡಿದಿದ್ದಾನೆಂದು ತಿಳಿಯಿರಿ. ಕಾಡಿಗೆಯು ಹರಡಿದ್ದರೆ ಮೆಲ್ಲನೆ ತೋರಿಸಿರಿ. ಕಣ್ಣಿಗೆ ನೋವಾದೀತೆಂದು ಸುಮ್ಮನಿರಬೇಡಿರಿ. ತೋರಿಸುವ ಭರದಲ್ಲಿ ಕಣ್ಣಿಗೆ ಚುಚ್ಚಲೂ ಬೇಡಿರಿ. ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹವೂ ಒಂದೇ: ಕೆಂಪು ಮಸಿಯ ಷರಾವನ್ನು ಬರೆಯುವ ಮುನ್ನ, ಪೆನ್ಸಿಲಿನಲ್ಲಿ ಬರೆದ ಆ ಮೂರು ಸಾಲುಗಳಿಗೂ ಹಾಳೆಯಲ್ಲಿ ಸ್ವಲ್ಪ ಸ್ಥಳವನ್ನು ಬಿಡೋಣ.