ಹಳೆಯ ಮನೆಗೆ ಹೊಸ ಮುಖ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ‘ಕಟ್ಟಿದ ಮನೆಯನ್ನು ತಿದ್ದಿ ನೋಡು’ ಎಂಬ ಮೂರನೆಯ ಮಾತನ್ನು ಅವರು ಏಕೆ ಸೇರಿಸಲಿಲ್ಲವೋ ತಿಳಿಯದು. ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಚರ್ಚೆಯನ್ನು ಕೇಳಿದ್ದರೆ ಖಂಡಿತವಾಗಿಯೂ ಸೇರಿಸುತ್ತಿದ್ದರು.

ಅರಸೀಕೆರೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿರುವ ಹಳ್ಳಿ ನಮ್ಮದು. ಮನೆ ಮುತ್ತಜ್ಜನ ಕಾಲದ್ದು: ಮಣ್ಣಿನ ಗೋಡೆ, ಹೆಂಚಿನ ಮಾಡು, ಮುಂದೆ ಜಗಲಿ, ಒಳಗೆ ನಡುಮನೆ, ಪಕ್ಕದಲ್ಲೇ ಕೊಟ್ಟಿಗೆ, ಹಿಂದೆ ಅಡಿಗೆಮನೆ, ತಲೆಯ ಮೇಲೆ ಅಟ್ಟ. ಎರಡು ವರ್ಷದ ಕೊಬ್ಬರಿಯ ಹಣಕ್ಕೆ ಸ್ವಲ್ಪ ಸಾಲವನ್ನೂ ಸೇರಿಸಿ ಇದಕ್ಕೆ ಹೊಸ ರೂಪ ಕೊಡಬೇಕೆಂದು ನಮ್ಮ ತಂದೆಯವರು ನಿಶ್ಚಯಿಸಿದರು. ಮೇಸ್ತ್ರಿಗಳು ಬಂದು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು. ಮುಂಭಾಗಕ್ಕೆ ಮೂರು ಬಣ್ಣ, ಉದ್ದನೆಯ ಗಾಜು, ಹೊಳೆಯುವ ಉಕ್ಕಿನ ಕಂಬಿ. ಜಗಲಿಯನ್ನು ಕಿತ್ತು ಕಾರು ನಿಲ್ಲಿಸುವ ಪೋರ್ಟಿಕೋ. ‘ಎಲಿವೇಷನ್ ಚೆನ್ನಾಗಿದ್ರೇನೆ ಮನೆಗೆ ಬೆಲೆ, ಯಜಮಾನ್ರೇ’ ಎಂದರು. ನಮ್ಮಲ್ಲಿ ಕಾರಿಲ್ಲ, ಎರಡು ಎಮ್ಮೆಗಳಿವೆ. ಲೆಕ್ಕ ಹಾಕಿದಾಗ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಮುಂಭಾಗಕ್ಕೇ ಮುಗಿಯುತ್ತಿತ್ತು. ಅಡಿಗೆಮನೆಯ ಮಾತು ಬಂದಾಗ, ‘ಅದು ಹಿಂದುಗಡೆ ಅಲ್ವಾ, ಆಮೇಲೆ ನೋಡೋಣ’ ಎಂಬ ಉತ್ತರ ದೊರೆಯಿತು.

ಮನೆಯನ್ನು ತಿದ್ದುವುದು ಯಾರಿಗಾಗಿ? ಬೀದಿಯಲ್ಲಿ ಹೋಗುವವರಿಗಾಗಿಯೋ, ಒಳಗೆ ಬಾಳುವವರಿಗಾಗಿಯೋ? ನನ್ನ ಪ್ರಶ್ನೆ ಇಷ್ಟೇ.

ಹಳೆಯ ಮನೆಯೆಲ್ಲ ಹೊನ್ನು, ಹೊಸದೆಲ್ಲ ಕೇಡು ಎಂಬ ವಾದ ನನ್ನದಲ್ಲ. ಹಳೆಯ ಮನೆಗಳನ್ನು ಬಾಯ್ತುಂಬ ಹೊಗಳುವವರು ಸಾಮಾನ್ಯವಾಗಿ ಅಲ್ಲಿ ವಾಸಿಸುವವರಲ್ಲ. ನಮ್ಮ ಅಡಿಗೆಮನೆಗೆ ಇರುವುದು ಒಂದೇ ಗವಾಕ್ಷಿ. ಗ್ಯಾಸು ಬಂದಿದ್ದರೂ ಮುದ್ದೆಯ ಎಸರಿಗೆ, ಸ್ನಾನದ ನೀರಿಗೆ ಸೌದೆಯ ಒಲೆಯೇ. ಆ ಹೊಗೆಯಲ್ಲಿ ಅವ್ವ ಕೆಮ್ಮುವುದನ್ನು ಕೇಳುತ್ತಲೇ ನಾನು ಬೆಳೆದೆ. ಕೋತಿಗಳು ಹೆಂಚು ಸರಿಸಿದ ವರ್ಷ ಮಳೆಗಾಲವೆಲ್ಲ ನಡುಮನೆಯಲ್ಲಿ ಪಾತ್ರೆ ಜೋಡಿಸಿಟ್ಟಿರುತ್ತೇವೆ. ಓದುವುದಕ್ಕೆಂದು ಒಂದು ಮೂಲೆಯೂ ಇಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆ ಓದೆಲ್ಲ ನಡೆದದ್ದು ಜಗಲಿಯ ದೀಪದ ಕೆಳಗೆ. ಆದ್ದರಿಂದ ಬದಲಾವಣೆ ಬೇಕು. ಅದು ಎಲ್ಲಿಂದ ಮೊದಲಾಗಬೇಕು ಎಂಬುದಷ್ಟೇ ವಿವಾದ.

ಬದಲಾವಣೆ ನಮ್ಮ ಮನೆಗೇನೂ ಹೊಸದಲ್ಲ. ಮುತ್ತಜ್ಜ ಹೊದಿಸಿದ್ದು ನಾಡಹೆಂಚು; ಅಜ್ಜ ಅದನ್ನು ತೆಗೆದು ಮಂಗಳೂರು ಹೆಂಚು ಹೊದಿಸಿದರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಘಟ್ಟ ಹತ್ತಿ ನಮ್ಮ ಬಯಲುಸೀಮೆಗೂ ಬಂತು. ಅಂದು ಅದೇ ಹೊಸ ಫ್ಯಾಷನ್ನು. ಆದರೆ ಅಜ್ಜ ಅದನ್ನು ಹೊದಿಸಿದ್ದು ಫ್ಯಾಷನ್ನಿಗಲ್ಲ, ಸೋರುವುದನ್ನು ನಿಲ್ಲಿಸಲು.

ಕಳೆದ ವರ್ಷ ಅಧ್ಯಾಪಕರೊಡನೆ ಬೇಲೂರಿಗೆ ಹೋದಾಗ ಇದೇ ವಿಚಾರ ಮತ್ತೆ ಎದುರಾಯಿತು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯ ಅಂದಿನಿಂದ ಇಂದಿನವರೆಗೆ ಹಾಗೆಯೇ ನಿಂತಿದೆಯೆಂದು ನಾನು ಭಾವಿಸಿದ್ದೆ. ಅದು ತಪ್ಪು. ನವರಂಗ ಮೊದಲು ತೆರೆದ ಮಂಟಪವಾಗಿತ್ತೆಂದೂ, ಹೊರಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು ಕೂಡಿಸಿ ಬಾಗಿಲಿಟ್ಟದ್ದು ಎರಡನೆಯ ವೀರಬಲ್ಲಾಳನ ಕಾಲದಲ್ಲೆಂದೂ ವಿದ್ವಾಂಸರು ಹೇಳುತ್ತಾರೆ. ಸುಟ್ಟು ಹಾಳಾಗಿದ್ದ ಹೆಬ್ಬಾಗಿಲ ಗೋಪುರವನ್ನು 1397ರಲ್ಲಿ ಎರಡನೆಯ ಹರಿಹರನ ದಂಡನಾಯಕ ಗುಂಡನು ಮತ್ತೆ ಕಟ್ಟಿಸಿದ. ಗರ್ಭಗುಡಿಯ ಮೇಲೆ ಅಳಿದುಳಿದಿದ್ದ ಶಿಖರವನ್ನು 1879ರಲ್ಲಿ ಬಿಚ್ಚಿ ಇಳಿಸಿದರು; ಅದರ ಭಾರ ಕೆಳಗಿನ ಕಟ್ಟಡಕ್ಕೇ ಅಪಾಯವಾಗಿತ್ತು.

ಈ ಮೂರರಲ್ಲಿಯೂ ನಮ್ಮಂಥವರ ಮನೆಗೆ ಪಾಠವಿದೆ. ಜಾಲಂಧ್ರ ಕೂಡಿಸಿದವರು ಕಂಬಗಳನ್ನು ಕದಲಿಸಲಿಲ್ಲ, ಮಂಟಪದ ವಿನ್ಯಾಸವನ್ನು ಕೆಡಿಸಲಿಲ್ಲ. ಆದರೂ ಒಳಗಿನ ಬೆಳಕು ಕಡಮೆಯಾಯಿತು. ಎಷ್ಟೇ ಜಾಣ್ಮೆಯಿಂದ ತಿದ್ದಿದರೂ ಏನಾದರೊಂದನ್ನು ಕಳೆದುಕೊಳ್ಳುತ್ತೇವೆ. ಕಳೆದುಕೊಳ್ಳುವುದು ಏನೆಂದು ಮೊದಲೇ ತಿಳಿದಿರಬೇಕು. ಗೋಪುರ ಕಟ್ಟಿಸಿದವನು ಹಾಳಾದ ಕಡೆಯಲ್ಲಿ ಕಟ್ಟಿಸಿದ, ಚೆನ್ನಾಗಿದ್ದುದನ್ನು ಕೆಡವಿ ಅಲ್ಲ. ಶಿಖರ ಇಳಿಸಿದವರಿಗಂತೂ ಮೇಲಿನ ಶೋಭೆಗಿಂತ ಕೆಳಗಿನ ಗೋಡೆ ದೊಡ್ಡದೆನಿಸಿತು. ಶಿಖರವಿಲ್ಲದ ಬೇಲೂರನ್ನು ನೋಡಿ ಯಾರೂ ಮೂಗು ಮುರಿಯಲಿಲ್ಲ. 2023ರಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೇ ಸೇರಿಸಿದರು.

ಹಳೇಬೀಡಿನಲ್ಲಿ ನಮ್ಮ ನೆಂಟರೊಬ್ಬರ ಮನೆಯಿದೆ. 2010ರಲ್ಲಿ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಗಿನ 200 ಮೀಟರಿನಲ್ಲಿಯೂ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ‘ಕಲ್ಲಿಗಿರೋ ಯೋಗ ನಮಗಿಲ್ಲ ಕಣಮ್ಮ’ ಎಂದು ಅವರು ನಗುತ್ತಾರೆ. ಆ ಸಂಕಟ ಸುಳ್ಳಲ್ಲ. ಆದರೆ ಅಲ್ಲಿ ಮನೆಗೆ ಕೈ ಹಾಕುವ ಮುನ್ನ ಒಂದು ಸಲವಾದರೂ ನಿಂತು ಯೋಚಿಸಲೇಬೇಕು. ನಮ್ಮ ಹಳ್ಳಿಯಲ್ಲಿ ಸ್ಮಾರಕವಿಲ್ಲ, ತಡೆಯುವ ಕಾಯಿದೆಯೂ ಇಲ್ಲ. ಕಾಯಿದೆಯಿಲ್ಲದ ಕಡೆ ನಮ್ಮ ವಿವೇಕವೇ ಕಾಯಿದೆಯಾಗಬೇಕಲ್ಲವೇ?

ಇದನ್ನೆಲ್ಲ ನಾನು ಮನೆಯಲ್ಲಿ ಹೇಳಲು ಹೋದೆ. ‘ಮದುವೆ ಆಗಿ ಹೋಗೋಳು ನೀನು, ನಿನಗ್ಯಾಕಮ್ಮ ಮನೆ ನಕ್ಷೆ?’ ಎಂದರು ದೊಡ್ಡಪ್ಪ. ನನ್ನ ಬೇಲೂರು ಅಲ್ಲಿಗೇ ನಿಂತಿತು. ಆಗ ಬಾಗಿಲ ಬಳಿ ಕುಳಿತಿದ್ದ ಅಜ್ಜಿ ಮೇಸ್ತ್ರಿಗಳನ್ನು ಒಂದೇ ಮಾತು ಕೇಳಿದರು: ‘ಕಾಯಿ ಎಲ್ಲಿ ಹಾಕ್ತೀರಪ್ಪಾ?’

ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಇಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋಗುವುದು ಅದೇ. ಹೆಂಚಿನ ಸಂದಿನ ಗಾಳಿ, ಮಾಡಿನ ಬಿಸುಪು, ಅಟ್ಟದ ಹಲಗೆಗಳ ನಡುವಿನ ಬಿರುಕು—ಇವೆಲ್ಲವೂ ಆ ಕೆಲಸಕ್ಕೆ ಒದಗುತ್ತವೆ. ಮೊಬೈಲಿನ ಚಿತ್ರದಲ್ಲಿ ಅಟ್ಟವೇ ಇರಲಿಲ್ಲ. ಮನೆ ತಿದ್ದಲು ಹಣ ಕೊಟ್ಟ ಅಟ್ಟವನ್ನೇ ಆ ಹಣದಿಂದ ಕೆಡವಲು ಹೊರಟಿದ್ದೆವು! ಹಳೆಯ ಮಣ್ಣಿನ ಗೋಡೆ ಕಾಂಕ್ರೀಟಿನ ತಾರಸಿಯನ್ನು ಹೊತ್ತೀತೇ ಎಂದು ತಿಳಿದವರನ್ನು ಕೇಳಿರಲೂ ಇಲ್ಲ.

ಅಂದು ರಾತ್ರಿ ಜಗಲಿಯ ಮೇಲೆ ತಂದೆಯವರು ನನ್ನೊಡನೆ ಆಡಿದ ಮಾತನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು. ‘ಬರೋ ವರ್ಷ ನಿನ್ನ ಬಿ.ಎ. ಮುಗೀತದೆ. ಬಂದೋರು ಮಣ್ಣಿನ ಮನೆ ಹುಡುಗಿ ಅನ್ನಬಾರದು ಅಂತ ಕಣವ್ವ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂಭಾಗದ ಆಸೆಯನ್ನು ನಾನು ಬರಿಯ ಥಳಕು ಎಂದು ತಿಳಿದಿದ್ದೆ. ಅದರೊಳಗೆ ಇಷ್ಟು ವರ್ಷ ಅವರು ನುಂಗಿಕೊಂಡ ಮಾತುಗಳಿದ್ದವು. ಮರ್ಯಾದೆ ಬೇಕೆಂಬುದು ದುರಾಸೆಯಲ್ಲ. ಹೆಂಚಿನ ಮನೆಯವರನ್ನು ಅಳೆದು ನೋಡುವ ಕಣ್ಣಿಗೆ ದೋಷವಿದೆ, ಅಳೆಸಿಕೊಂಡವರಿಗಲ್ಲ. ಆದರೂ ಆ ಕಣ್ಣಿಗೆ ಹೆದರಿ ಅವ್ವನನ್ನು ಇನ್ನೂ ಹತ್ತು ವರ್ಷ ಹೊಗೆಯಲ್ಲಿ ಕೂಡಿಸುವುದು ಸರಿಯಲ್ಲವೆಂದು ಮರುದಿನ ಧೈರ್ಯಮಾಡಿ ಹೇಳಿದೆ.

ನನ್ನ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಮನೆ ತಿದ್ದುವಾಗ ಮೊದಲು ಗೋಡೆ, ಮಾಡುಗಳ ಬಲವನ್ನು ನೋಡಬೇಕು. ಎರಡನೆಯದಾಗಿ ಅಡಿಗೆಮನೆ, ಬಚ್ಚಲು, ಶೌಚಾಲಯ, ಗಾಳಿ ಬೆಳಕು. ಮೂರನೆಯದಾಗಿ ಓದುವ ಮಕ್ಕಳಿಗೊಂದು ಕಿಟಕಿಯಿರುವ ಜಾಗ. ಮನೆಯ ಕಸುಬಿಗೆ ಒದಗುವ ಅಟ್ಟವನ್ನೂ ನಾಲ್ಕು ಜನ ಕೂಡುವ ಜಗಲಿಯನ್ನೂ ಅತ್ಯಗತ್ಯವಿಲ್ಲದೆ ಮುಟ್ಟಬಾರದು. ಇಷ್ಟಾದ ಮೇಲೆ ಹಣ ಉಳಿದರೆ ಮುಂಭಾಗಕ್ಕೆ ಯಾವ ಬಣ್ಣವನ್ನಾದರೂ ಬಳಿಯಲಿ, ಬೇಡವೆನ್ನುವವರು ಯಾರು? ಮೊದಲೇ ಬಳಿದರೆ ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆ ನಮ್ಮದಾಗುತ್ತದೆ.

ಸಹಪಾಠಿಗಳೇ, ನಮ್ಮಲ್ಲಿ ಬಹುಮಂದಿ ಇಂಥ ಮನೆಗಳಿಂದಲೇ ಬಂದವರು. ನಾಳೆ ನಿಮ್ಮ ಮನೆಗೂ ಮೇಸ್ತ್ರಿಗಳು ಬರುತ್ತಾರೆ. ಅಂದು ಹೆಣ್ಣುಮಕ್ಕಳೂ ನಕ್ಷೆಯ ಮುಂದೆ ಕುಳಿತುಕೊಳ್ಳಿ; ಅಜ್ಜಿಯರನ್ನೂ ಕೂಡಿಸಿಕೊಳ್ಳಿ.

ನಮ್ಮ ಮನೆಯಲ್ಲಿ ಈಗ ಅಡಿಗೆಮನೆಯ ಗೋಡೆ ಎದೆಯೆತ್ತರಕ್ಕೆ ಬಂದಿದೆ. ಎರಡು ಕಿಟಕಿ ಇಡುತ್ತಿದ್ದಾರೆ. ಒಂದರ ಕೆಳಗೆ ನನ್ನ ಮೇಜಿಗೆ ಜಾಗವಿದೆ. ಮುಂಭಾಗದ ವಿಚಾರವನ್ನು ‘ಬರೋ ವರ್ಷದ ಕೊಬ್ಬರಿಗೆ ನೋಡೋಣ’ ಎಂದಿದ್ದಾರೆ ತಂದೆಯವರು. ಈ ಲೇಖನವನ್ನು ಮಾತ್ರ ಜಗಲಿಯ ಮೇಲೆ ಕುಳಿತೇ ಬರೆದೆ.